ಮಾಚೇನಹಳ್ಳಿಯ ಮೂವತ್ತೊಂದು

"ನಿಲ್ಲಿ! ಅಲ್ಲೇ ನಿಲ್ಲಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಜಗದಾಂಬಾ ಬೆಚ್ಚಿ ನಿಂತಳು. ಕೈಯಲ್ಲಿದ್ದ ಕೊಡೆ ಜಾರಿ ನೆಲಕ್ಕೆ ಬಿತ್ತು.

೧೯೬೪ರ ಜನವರಿಯ ಒಂದು ಬೆಳಿಗ್ಗೆ. ಶಿವಮೊಗ್ಗದ ಕೋಟೆಯ ಹಿಂದೆ, ತುಂಗಾ ನದಿಯ ಕಡೆಗೆ ಇಳಿಯುವ ಬಯಲನ್ನು ದಾಟಿಯೇ ಅವಳು ದಿನವೂ ಕಾಲೇಜಿಗೆ ಹೋಗುತ್ತಿದ್ದಳು. ಇವತ್ತು ಆ ಬಯಲಿನ ನಡುವೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯಿಂದ ಎದ್ದ ಆಳೆತ್ತರದ ಲೋಹದ ಕಡ್ಡಿ. ಒಬ್ಬ ಯುವಕ ಬಗ್ಗಿ ಪೆಟ್ಟಿಗೆಯನ್ನೇ ದಿಟ್ಟಿಸುತ್ತ, ತಲೆ ಕೂಡ ಎತ್ತದೆ, ಅಂಗೈ ಚಾಚಿ ಅವಳನ್ನು ತಡೆದಿದ್ದ.

"ಹಾವೇನ್ರೀ?" ಕೇಳಿದಳು ಅವಳು.

"ಅಲ್ಲ, ಮುಳ್ಳು!"

ಅವಳು ಗಾಬರಿಯಿಂದ ಪಾದ ನೋಡಿಕೊಂಡಳು. ಮುಳ್ಳೂ ಇಲ್ಲ, ಕಲ್ಲೂ ಇಲ್ಲ!

"ಎಲ್ಲಿ?"

"ಇಲ್ಲಿ, ಮೀಟರಿನಲ್ಲಿ. ಕೆಳಗೆ ಇಳೀತಿದೆ... ಹಾಂ, ಸರಿ. ಈಗ ಬನ್ನಿ."

"ಏನು?"

"ಬನ್ನಿ ಬನ್ನಿ. ಇನ್ನೂ ಹತ್ತಿರ... ಇನ್ನೂ ಸ್ವಲ್ಪ..."

ನದಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಿಸಕ್ಕೆಂದರು. ಜಗದಾಂಬಾಳ ಕಿವಿ ಬಿಸಿಯಾಯಿತು.

"ಏನ್ರೀ ಇದು! ಒಂದ್ಸಲ ನಿಲ್ಲು ಅಂತೀರಿ, ಒಂದ್ಸಲ ಬಾ ಅಂತೀರಿ! ನಾನೇನು ನಿಮ್ಮ ಮನೆ ಆಳಾ?"

"ಮೂವತ್ತೆಂಟು ಇದ್ದದ್ದು ಮೂವತ್ತಮೂರಕ್ಕೆ ಬಂತು!" ಎಂದು ಅವನು ಸಂತೋಷದಿಂದ ತಲೆಯೆತ್ತಿದ. ಆಗಲೇ ಅವಳನ್ನು ಸರಿಯಾಗಿ ನೋಡಿದ್ದು. ಕೋಪದಲ್ಲಿ ಕೆಂಪಾಗಿದ್ದ ಆ ಮುಖ ಕಂಡು ಅವನ ಬಾಯಿ ಹಾಗೇ ತೆರೆದುಕೊಂಡಿತು. "ಕ್ಷಮಿಸಿ... ನಿಮಗಲ್ಲ ನಾನು... ಅಂದ್ರೆ ನಿಮಗೇನೇ... ಆದ್ರೆ ಹಾಗಲ್ಲ..."

ಜಗದಾಂಬಾ ಕೊಡೆ ಎತ್ತಿಕೊಂಡು ಸರಸರನೆ ನಡೆದಳು.

*ಹುಚ್ಚನಿರಬೇಕು!*

ಆದರೆ ರಸ್ತೆಗೆ ಬರುವಷ್ಟರಲ್ಲಿ ಕೋಪ ಅರ್ಧ ಇಳಿದಿತ್ತು. ಬಿ.ಎಸ್ಸಿ. ಓದಿ, ಹೆಣ್ಣುಮಕ್ಕಳ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ಅವಳು. ನಾನು ಹತ್ತಿರ ಹೋದರೆ ಮೀಟರಿನ ಮುಳ್ಳು ಯಾಕೆ ಇಳಿಯಬೇಕು? ಆ ಪ್ರಶ್ನೆ ಮಧ್ಯಾಹ್ನದವರೆಗೂ ಅವಳನ್ನು ಬಿಡಲಿಲ್ಲ. ಅವನ ಆ ತೆರೆದ ಬಾಯಿಯೂ ಬಿಡಲಿಲ್ಲ. ಯಾಕೋ!

ಮಾರನೆಯ ದಿನ ಪ್ರಿನ್ಸಿಪಾಲ್ ಸೀತಾಲಕ್ಷ್ಮಿ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

"ಭದ್ರಾವತಿ ಹತ್ತಿರ ಹೊಸ ರೇಡಿಯೋ ಕೇಂದ್ರದ ಯೋಚನೆ ನಡೀತಿದೆಯಂತೆ. ಅದಕ್ಕೆ ಸರ್ವೆ ಮಾಡೋಕೆ ಒಬ್ಬ ಇಂಜಿನಿಯರು ಬಂದಿದಾರೆ. ಅಂಕಿ ಬರ್ಕೊಳ್ಳೋಕೆ ಸೈನ್ಸ್ ಓದಿದವರು ಬೇಕು, ಮೂರು ವಾರಕ್ಕೆ. ನೀನು ಹೋಗ್ತೀಯಾ? ಅವರು ಒಳ್ಳೇ ಮಾತು ಬರೆದುಕೊಟ್ರೆ ಏಪ್ರಿಲ್‌ನಲ್ಲಿ ನಿನ್ನ ಕೆಲಸ ಖಾಯಂ ಮಾಡಿಸೋಕೆ ನಂಗೂ ಸುಲಭ."

ಪಕ್ಕದ ಕುರ್ಚಿಯಿಂದ ಎದ್ದು ಕೈಮುಗಿದವನು ಅವನೇ! ಹೆಸರು ಗಂಗಾಧರ. ಭದ್ರಾವತಿಯವನೇ. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡಿದ್ದರು. ತಾಯಿ ಪುಷ್ಪಮ್ಮ ಈಗಲೂ ಅಲ್ಲೇ ಇದ್ದರು.

"ನಿನ್ನೆ... ಮುಳ್ಳು..." ಎಂದು ತೊದಲಿದ ಅವನು.

"ಬರ್ತೀನಿ ಮೇಡಂ," ಎಂದಳು ಜಗದಾಂಬಾ, ಅವನ ಕಡೆ ನೋಡದೆ.

ಮನೆಯಲ್ಲಿ ತಂದೆ ಷಡಕ್ಷರಪ್ಪ ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. ತಾಯಿಯಿಲ್ಲದ ಮಗಳು. ಅವಳನ್ನು ಬೆಳೆಸಿದ್ದು ಅವರ ಅಕ್ಕ ಉಚ್ಚಂಗಮ್ಮ.

"ಹೋಗವ್ವಾ. ಆದ್ರೆ ನಿಮ್ಮತ್ತೆನೂ ಜೊತೆಗೆ ಬರ್ತಾಳೆ. ಅದಕ್ಕೆ ಒಪ್ಪಿದ್ರೆ ಮಾತ್ರ."

ಹೀಗೆ ಸರ್ವೆಯ ಜೀಪಿನಲ್ಲಿ ಎಲೆಯಡಿಕೆ ಚೀಲ, ಒಂದು ಚಾಪೆ, ರೊಟ್ಟಿಯ ಗಂಟು ಹಿಡಿದು ಉಚ್ಚಂಗಮ್ಮನೂ ಹತ್ತಿದರು. ಡ್ರೈವರು ಕೆಂಚಪ್ಪನಿಗೆ ಮೊದಲ ದಿನವೇ ಅಪ್ಪಣೆ ಆಯಿತು: "ನಿಧಾನ ಓಡಿಸಪ್ಪಾ, ಮಂಡಿ ನೋವಿದೆ."

ಕೆಲಸ ಏನೆಂದು ಗಂಗಾಧರ ದಾರಿಯಲ್ಲೇ ಹೇಳಿದ. ಭದ್ರಾವತಿಯ ಹೊರಗೆ ಒಂದು ಶೆಡ್ಡಿನಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇದೆ. ಅದು ರೇಡಿಯೋ ಅಲೆ ಕಳಿಸುತ್ತ ದಿನವಿಡೀ ಒಂದೇ ಸಮನೆ ಕುಂಯ್ ಎನ್ನುತ್ತಿರುತ್ತದೆ. ಅಲ್ಲಿಂದ ಶಿವಮೊಗ್ಗದವರೆಗೆ ಹನ್ನೆರಡು ಜಾಗದಲ್ಲಿ ಆ ಅಲೆ ಎಷ್ಟು ಬಲವಾಗಿ ಬರುತ್ತದೆ ಅಂತ ಅಳೆಯಬೇಕು.

"ಆದ್ರೆ ನನ್ನ ನಿಜವಾದ ಕೆಲಸ ಅದಲ್ಲ. ಅಲೆ ಹಿಡಿದು ಅಳೆಯೋ ಏರಿಯಲ್‌ಗಳೇ ಬೇರೆ ಬೇರೆ. ಯಾವುದರ ಅಳತೆ ನಂಬಬಹುದು ಅಂತ ಹೇಳಬೇಕು."

ಮೂರು ಬಗೆ. ಒಂದು ಕಡ್ಡಿ, ಅದಕ್ಕೆ ಅವನು ರಾಡ್ ಎನ್ನುತ್ತಿದ್ದ. ಇನ್ನೊಂದು ಲೂಪ್: ಮರದ ಚೌಕಟ್ಟಿಗೆ ತಂತಿ ಸುತ್ತಿದ್ದು, ತಿರುಗಿಸಿ ತಿರುಗಿಸಿ ಮುಳ್ಳು ಅತಿ ಮೇಲೆ ಏರುವ ದಿಕ್ಕು ಹುಡುಕಬೇಕು. ಮೂರನೆಯದು ಎರಡು ಬಿದಿರುಗಳ ನಡುವೆ ಕಟ್ಟುವ ಉದ್ದ ತಂತಿ. ಅದನ್ನು ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು, ಕಟ್ಟಿದಷ್ಟು ಸಲವೂ ಬೇರೆ ಬೇರೆ ಅಂಕಿ ಬರುತ್ತಿತ್ತು. ಮೂರನೆಯ ದಿನಕ್ಕೆ ಅದನ್ನು ಕೈಬಿಟ್ಟರು.

"ರಾಡ್ ಸುಲಭ. ನಿಲ್ಲಿಸು, ಓದು, ಹೊರಡು," ಎಂದ ಗಂಗಾಧರ. "ಬೆಂಗಳೂರಿನಲ್ಲಿರೋ ನಮ್ಮ ಸಾಹೇಬ್ರಿಗೆ ಅದೇ ಇಷ್ಟ. ಆದ್ರೆ ಮನುಷ್ಯರು ಹತ್ತಿರ ಬಂದ್ರೆ ಅದರ ಮುಳ್ಳು ಕದಲುತ್ತೆ. ಆವತ್ತು ನೀವು ನೋಡಿದ್ರಲ್ಲ..."

"ನೋಡಿದೆ. ಊರೆಲ್ಲ ನೋಡ್ತು."

ಅವನು ಕಿವಿಯವರೆಗೂ ಕೆಂಪಾದ. ಅವಳಿಗೆ ನಗು ಬಂತು, ತಡೆದುಕೊಂಡಳು.

ಅದಕ್ಕೇ ಅವನದೊಂದು ನಿಯಮವಿತ್ತು. ನೆಲದ ಮೇಲೆ ಸುಣ್ಣದ ಗುರುತು ಹಾಕಿ, ಓದುವವರು ಯಾವಾಗಲೂ ಅಲ್ಲೇ ನಿಲ್ಲಬೇಕು. ಬೇರೆ ಯಾರೂ ಹತ್ತು ಮಾರಿನೊಳಗೆ ಬರಬಾರದು.

ಮೊದಲ ವಾರ ಅವನು ಓದಿದ, ಅವಳು ಬರೆದಳು. ಮಲವಗೊಪ್ಪ, ನಿಧಿಗೆ, ಮಾಚೇನಹಳ್ಳಿ... ಜೀಪು ರಸ್ತೆಯಲ್ಲೇ ನಿಲ್ಲುತ್ತಿತ್ತು. ಉಚ್ಚಂಗಮ್ಮ ದೂರದ ಮರದಡಿ ಚಾಪೆ ಹಾಸಿ, ಇಬ್ಬರ ಮೇಲೂ ಕಣ್ಣಿಟ್ಟು ಅಡಿಕೆ ಕತ್ತರಿಸುತ್ತಿದ್ದರು.

ಲೂಪ್ ತಿರುಗಿಸುವುದನ್ನು ಅವನು ಕಲಿಸಿದ.

"ಮೆಲ್ಲಗೆ... ಈಗ ಏರ್ತಿದೆ ನೋಡಿ... ಹಾಂ, ಅಲ್ಲೇ!"

ಚೌಕಟ್ಟಿನ ಮೇಲೆ ಇಬ್ಬರ ಬೆರಳೂ ಒಂದು ಕ್ಷಣ ತಾಗಿದವು. ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಂಡರು. ಲೂಪ್ ಗರ್ರನೆ ತಿರುಗಿತು, ಮುಳ್ಳು ಸೊನ್ನೆಗೆ ಬಿತ್ತು.

"ಮತ್ತೆ ಮೊದಲಿಂದ ಮಾಡೋಣ," ಎಂದ ಅವನು, ಎಲ್ಲೋ ನೋಡುತ್ತ.

ಇನ್ನೊಂದು ದಿನ ಉಚ್ಚಂಗಮ್ಮ ಕೊಟ್ಟ ರೊಟ್ಟಿ ಮುರಿಯುತ್ತ, "ನೀವು ಬಂದ ಮೇಲೆ ನನ್ನ ಕೆಲಸ ಚೆನ್ನಾಗಿ ಆಗ್ತಿದೆ," ಎಂದ.

ಆ ರಾತ್ರಿ ಜಗದಾಂಬಾ ಆ ಮಾತನ್ನು ಎಷ್ಟು ಸಲ ಹೊರಳಿಸಿ ನೋಡಿದಳೋ! ನೀವು ಬಂದ ಮೇಲೆ... ಅಂದರೆ ಬರೆಯುವವಳು ಸಿಕ್ಕ ಮೇಲೆ ಅಂತಲೇ? ಅಥವಾ... ಛೇ! ಅವನಿಗೆ ಮುಳ್ಳು, ಮೀಟರು ಬಿಟ್ಟರೆ ಬೇರೆ ಏನು ಗೊತ್ತು? ಗೊತ್ತಿಲ್ಲದಿದ್ದರೆ ಬೆರಳು ತಾಗಿದಾಗ ಅವನು ಯಾಕೆ ಕೈ ಎಳೆದುಕೊಳ್ಳಬೇಕಿತ್ತು? ನಾನು ಯಾಕೆ ಎಳೆದುಕೊಳ್ಳಬೇಕಿತ್ತು?

ನಿದ್ದೆ ಬರಲಿಲ್ಲ.

ಎರಡನೆಯ ವಾರ ಅವನು ಅವಳ ಕೈಗೇ ಪೆಟ್ಟಿಗೆ ಒಪ್ಪಿಸಿದ.

"ಟ್ರಾನ್ಸ್‌ಮಿಟರ್ ಏರುಪೇರಾಗದಂತೆ ನಾನು ಶೆಡ್ಡಿನಲ್ಲೇ ಇರ್ತೀನಿ. ಅದೇ ಹನ್ನೆರಡು ಜಾಗ, ಇನ್ನೊಂದು ಸಲ ಅಳೀಬೇಕು. ಈ ಸಲ ಓದೋದೂ ನೀವೇ. ಆಗುತ್ತಲ್ಲ?"

"ಆಗುತ್ತೆ."

ಅವಳ ಎದೆ ಹಿಗ್ಗಿ ಹೋಯಿತು. ಒಂದು ಇಡೀ ವಾರ, ಸುಣ್ಣದ ಗುರುತಿನ ಮೇಲೆ ಅವಳೇ! ಪ್ರತಿ ಜಾಗದಲ್ಲೂ ಮೂರು ಮೂರು ಸಲ ಓದಿದಳು. ದನ ಕಾಯುವವರು, ದಾರಿಹೋಕರು ಯಾರನ್ನೂ ಹತ್ತಿರ ಬಿಡಲಿಲ್ಲ.

ವಾರದ ಕೊನೆಗೆ ಭದ್ರಾವತಿಯ ಶೆಡ್ಡಿಗೆ ಹೋಗಿ ನೋಟ್‌ಬುಕ್ ಕೊಟ್ಟಾಗ ಗಂಗಾಧರ ನಗುನಗುತ್ತಲೇ ಪುಟ ತಿರುಗಿಸಿದ. ತಿರುಗಿಸುತ್ತ ತಿರುಗಿಸುತ್ತ ಅವನ ನಗು ಆರಿತು.

ಮಾಚೇನಹಳ್ಳಿ. ಲೂಪ್: ಹೋದ ವಾರ ನಲವತ್ತೆರಡು, ಈ ವಾರ ನಲವತ್ತೊಂದು. ರಾಡ್: ಹೋದ ವಾರ ನಲವತ್ತು. ಈ ವಾರ... ಮೂವತ್ತೊಂದು!

ಉಳಿದ ಜಾಗಗಳಲ್ಲೂ ಹಾಗೇ. ಲೂಪಿನ ಅಂಕಿ ಕದಲಿರಲಿಲ್ಲ, ರಾಡಿನದು ಪೂರಾ ಬಿದ್ದಿತ್ತು.

"ಏನಾಯ್ತು?" ಕೇಳಿದಳು ಅವಳು.

"ಏನಿಲ್ಲ." ಅವನು ನೋಟ್‌ಬುಕ್ ಮುಚ್ಚಿದ. "ನೀವು ಮನೆಗೆ ಹೊರಡಿ, ಹೊತ್ತಾಯ್ತು."

"ನಾನೇನಾದ್ರೂ ತಪ್ಪು..."

"ಏನಿಲ್ಲ ಅಂದ್ನಲ್ಲ."

ಅಷ್ಟೇ. ಜೀಪಿನವರೆಗೂ ಬರಲಿಲ್ಲ, ಕೈ ಕೂಡ ಬೀಸಲಿಲ್ಲ. ಕಾರ್ಖಾನೆಯ ಸೈರನ್ ಕೂಗಿತು. ಶಿಫ್ಟ್ ಮುಗಿಸಿದವರ ಸೈಕಲ್ಲುಗಳು ಬೀದಿ ತುಂಬ ಹರಿದವು, ತಮಿಳು ತೆಲುಗು ಕನ್ನಡ ಎಲ್ಲ ಕಲೆತ ಮಾತು. ಅವಳಿಗೆ ಯಾವುದೂ ಕೇಳಿಸಲಿಲ್ಲ. ಬೆಳಿಗ್ಗೆಯವರೆಗೆ ಅಷ್ಟು ಹತ್ತಿರದವನಾಗಿದ್ದವನು ಒಂದು ಪುಟ ತಿರುವಿದ್ದರಲ್ಲಿ ಇಷ್ಟು ದೂರದವನಾದನೇ? ನಾನೇನು ಮಾಡಿದೆ? ಕಣ್ಣು ಮಂಜಾಗಿತ್ತೇ? ನಲವತ್ತನ್ನು ಮೂವತ್ತು ಅಂತ ಓದಿದೆನೇ? ಮೂರು ಮೂರು ಸಲ?

ಸೋಮವಾರ ಅತ್ತೆಯನ್ನು ಹೊರಗೆ ನೆರಳಲ್ಲಿ ಕೂರಿಸಿ ಅವಳು ಶೆಡ್ಡಿಗೆ ಹೋದಾಗ ಒಳಗೆ ಹೊಸ ದನಿ ಕೇಳಿಸಿತು. ಬೆಂಗಳೂರಿನಿಂದ ಸಾಹೇಬರು ಬಂದಿದ್ದರು, ಜನಾರ್ದನ ರಾವ್. ಅವಳು ಬಾಗಿಲ ಹೊರಗೇ ನಿಂತಳು.

"ಮಿಸ್ಟರ್ ಗಂಗಾಧರ್, ಎರಡನೇ ವಾರದ ಈ ರಾಡ್ ಅಂಕಿ ಯಾರು ಓದಿದ್ದು? ಆ ಹುಡುಗಿನಾ?"

"ಇಲ್ಲ ಸಾರ್. ನಾನೇ. ನಾನೇ ಓದುವಾಗ ತಪ್ಪು ಮಾಡಿದ್ದು."

"ಹಾಗಿದ್ರೆ ರಾಡ್‌ನದೇನೂ ದೋಷ ಇಲ್ಲ. ಓದಿದವರ ದೋಷ ಅಂತ ಬರೆದು ಮುಗಿಸಿ. ನಾಡಿದ್ದು ಹನ್ನೊಂದು ಗಂಟೆಗೆ ಬಂದು ವರದಿ ತಗೊಂಡು ಹೋಗ್ತೀನಿ."

ಸಾಹೇಬರ ಕಾರು ಧೂಳೆಬ್ಬಿಸಿ ಹೊರಟಿತು. ಜಗದಾಂಬಾ ಒಳಗೆ ಬಂದಳು. ಮೇಜಿನ ಮೇಲೆ ಅಚ್ಚುಕಟ್ಟಾಗಿ ನಕಲು ಮಾಡಿದ ಹಾಳೆಗಳಿದ್ದವು. ಎಲ್ಲ ಪುಟದಲ್ಲೂ ಒಂದೇ ಹೆಸರು, ಅವನದು. ಅವಳ ಹೆಸರು ಎಲ್ಲೂ ಇರಲಿಲ್ಲ.

"ಇದೇನಿದು?"

ಗಂಗಾಧರನ ಮುಖ ಬಿಳಿಚಿತು. "ನೀವು... ಕೇಳಿಸ್ಕೊಂಡ್ರಾ?"

"ನಾನು ಓದಿದ್ದನ್ನ ನೀವು ಓದಿದ್ದು ಅಂತ ಯಾಕೆ ಹೇಳಿದ್ರಿ?"

"ನಿಮ್ಮ ಒಳ್ಳೇದಕ್ಕೆ. ತಪ್ಪು ಓದಿದ್ರು ಅಂತ ಇಲ್ಲಿಂದ ಕಾಲೇಜಿಗೆ ಕಾಗದ ಹೋದ್ರೆ ನಿಮ್ಮ ಕೆಲಸ ಖಾಯಂ ಆಗುತ್ತಾ? ನನಗಾದ್ರೆ ಒಂದು ಬೈಗುಳ, ಅಷ್ಟೇ..."

"ನಾನು ತಪ್ಪು ಓದಿದೀನಿ ಅಂತ ನಿಮಗೆ ಯಾರು ಹೇಳಿದ್ದು?"

ಅವನು ಹಾಳೆಗಳನ್ನು ಒಟ್ಟು ಮಾಡತೊಡಗಿದ.

"ನನ್ನನ್ನ ಒಂದು ಮಾತು ಕೇಳಿದ್ರಾ? ಹೇಗೆ ಓದಿದ್ರಿ, ಎಲ್ಲಿ ನಿಂತಿದ್ರಿ, ಏನಾಯ್ತು ಅಂತ?" ಅವಳು ಹಾಳೆಗಳ ಮೇಲೆ ಕೈಯಿಟ್ಟಳು. "ಆ ರಾಡೇ ತಪ್ಪು ತೋರಿಸಿದ್ರೆ? ಈಗ ನೀವು ಹೇಳಿದ ಸುಳ್ಳಿನಿಂದ ಅದು ಸರಿ ಅಂತಾಯ್ತಲ್ಲ! ಯಾವುದನ್ನ ನಂಬಬಹುದು ಅಂತ ಹುಡುಕೋದೇ ನನ್ನ ಕೆಲಸ ಅಂದಿದ್ರಿ..."

"ಜಗದಾಂಬಾ ಅವರೇ, ನನಗೆ ನೀವು..."

"ನೀವು ನನ್ನನ್ನ ಕಾಪಾಡಿದ್ರಿ ಸಾರ್. ಆದ್ರೆ ನಂಬಲಿಲ್ಲ."

ಅವಳು ಹಿಂತಿರುಗಿ ನೋಡದೆ ಹೊರಟುಬಿಟ್ಟಳು. ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಸೆರಗಿನ ತುದಿ ಬಾಯಿಗೊತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಉಚ್ಚಂಗಮ್ಮ ಏನೂ ಕೇಳದೆ ಅವಳ ಬೆನ್ನು ಸವರುತ್ತಿದ್ದರು.

ಅವನಿಗಾಗಿ ಅಳುತ್ತಿದ್ದಳೋ, ತನಗಾಗಿ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ತನ್ನ ಮೇಲೆ ಬರಬೇಕಾದ ಬೈಗುಳಕ್ಕೆ ತಲೆಕೊಟ್ಟವನ ಮೇಲೆ ಕೋಪ ಮಾಡಿಕೊಳ್ಳುವುದು ಸರಿಯೇ? ಸರಿಯಲ್ಲದಿದ್ದರೆ ಈ ಉರಿ ಯಾಕೆ ಆರುವುದಿಲ್ಲ?

ಸಂಜೆ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಾಗಲೂ ಅವಳ ಕಣ್ಣು ತುಂಬಿಯೇ ಇತ್ತು.

"ಹೋಗ್ಲಿ ಬಿಡು ಮಾರಾಯ್ತಿ. ನಂಗಂತೂ ಈ ಮಂಡಿ ಕಟ್ಕೊಂಡು ಅಲೆದು ಸಾಕಾಯ್ತು. ಮೊದಲ ವಾರ ಪರವಾಗಿರಲಿಲ್ಲ, ಮರದಡಿ ಚಾಪೆ ಹಾಕ್ಕೊಂಡು ಕೂತಿರ್ತಿದ್ದೆ. ಆಮೇಲೆ ಊದಿಕೊಂಡು ಜೀಪಿಂದ ಇಳಿಯೋಕೇ ಆಗಲಿಲ್ಲ. ಪಾಪ, ಆ ಕೆಂಚಪ್ಪ ನನ್ನ ಸಲುವಾಗಿ ಗದ್ದೆ ಬದು ಹತ್ತಿಸಿ ನಿನ್ನ ಪೆಟ್ಟಿಗೆ ಪಕ್ಕಕ್ಕೇ ಜೀಪು ತಂದು ನಿಲ್ಲಿಸ್ತಿದ್ದ. ನಿನ್ನ ಒಬ್ಬಳನ್ನೇ ಬಯಲಲ್ಲಿ ಬಿಡೋಕಾಗುತ್ತಾ?"

ಜಗದಾಂಬಾಳ ಕೈ ನಿಂತಿತು.

"ಅತ್ತೆ! ಏನಂದ್ರಿ?"

"ಮಂಡಿ ಊದಿತ್ತು ಅಂದೆ."

"ಅಲ್ಲ, ಜೀಪು! ಜೀಪು ಪೆಟ್ಟಿಗೆ ಪಕ್ಕದಲ್ಲಿತ್ತು!"

ಹೌದು... ಹೌದು! ಎರಡನೆಯ ವಾರ ಪೂರ್ತಿ! ಮನುಷ್ಯರು ಹತ್ತಿರ ಬಾರದಂತೆ ನೋಡಿಕೊಂಡಿದ್ದಳು ಅವಳು. ಆದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ಇಡೀ ಜೀಪು, ಅಷ್ಟು ಕಬ್ಬಿಣ! ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೇ ಇರಲಿಲ್ಲ. ಬರೆಯಬೇಕೆಂದು ಹೊಳೆದಿರಲೂ ಇಲ್ಲ.

ಅವಳು ಎಣ್ಣೆ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು.

"ಅಯ್ಯೋ, ಬಿಡೇ ಸೀರೆ ಎಣ್ಣೆ ಆಗುತ್ತೆ! ಈ ಹುಡುಗಿಗೆ ಏನಾಯ್ತು?"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರೂ ಭದ್ರಾವತಿಗೆ ಹೋದರು. ಗಂಗಾಧರ ಶೆಡ್ಡಿನಲ್ಲಿ ಒಬ್ಬನೇ ಕೂತಿದ್ದ. ಕಣ್ಣು ಕೆಂಪಾಗಿತ್ತು, ಗಡ್ಡ ಬೋಳಿಸಿರಲಿಲ್ಲ. ಅವಳನ್ನು ಕಂಡು ಥಟ್ಟನೆ ಎದ್ದ.

"ನಾನು ನಿಮ್ಮ ಮನೆಗೇ ಬರಬೇಕು ಅಂತಿದ್ದೆ..."

"ಅದಿರಲಿ. ರಾಡ್ ತಗೊಂಡು ಮಾಚೇನಹಳ್ಳಿಗೆ ಬನ್ನಿ. ಒಂದು ಗಂಟೆ ಸಾಕು."

ಅವನು ಯಾಕೆ ಎಂದು ಕೇಳಲಿಲ್ಲ. ಪೆಟ್ಟಿಗೆ ಎತ್ತಿ ಜೀಪಿಗಿಟ್ಟ.

ಮಾಚೇನಹಳ್ಳಿಯ ಬಯಲಿನಲ್ಲಿ ಹಳೆಯ ಸುಣ್ಣದ ಗುರುತು ಇನ್ನೂ ಮಸುಕಾಗಿ ಕಾಣುತ್ತಿತ್ತು. ಜೀಪು ರಸ್ತೆಯಲ್ಲೇ ನಿಂತಿತು.

"ನೀವೇ ಓದಿ," ಎಂದಳು ಅವಳು.

"ನಲವತ್ತು."

"ಕೆಂಚಪ್ಪ! ಹೋದ ವಾರ ಎಲ್ಲಿ ನಿಲ್ಲಿಸ್ತಿದ್ದಿರೋ ಅಲ್ಲಿಗೆ ತನ್ನಿ."

ಜೀಪು ಬದು ಹತ್ತಿ ಕುಲುಕುತ್ತ ಬಂತು. ಒಳಗೆ ಉಚ್ಚಂಗಮ್ಮ ಸರಳು ಹಿಡಿದು "ಶಿವಾ ಶಿವಾ" ಎನ್ನುತ್ತಿದ್ದರು. ಪೆಟ್ಟಿಗೆಯ ಪಕ್ಕಕ್ಕೇ ಬಂದು ನಿಂತಿತು. ಗಂಗಾಧರ ಮೀಟರಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಎಷ್ಟು?" ಕೇಳಿದಳು.

"ಮೂವತ್ತೊಂದು," ಎಂದ, ಕೇಳಿಸಿಯೂ ಕೇಳಿಸದ ಹಾಗೆ.

ಮೂರು ಸಲ ಜೀಪು ಹಿಂದೆ ಹೋಯಿತು, ಮುಂದೆ ಬಂತು. ನಲವತ್ತು, ಮೂವತ್ತೊಂದು. ನಲವತ್ತು, ಮೂವತ್ತೊಂದು. ಲೂಪ್ ಇಟ್ಟು ನೋಡಿದರೆ ಒಂದು ಅಂಕಿಯಷ್ಟು ಕದಲಿದ್ದೇ ಹೆಚ್ಚು.

"ನಾನು ಓದಿದ್ದು ತಪ್ಪಲ್ಲ," ಎಂದಳು ಜಗದಾಂಬಾ. "ಜೀಪು ಎಲ್ಲಿತ್ತು ಅಂತ ಬರೀದೇ ಇದ್ದದ್ದು ತಪ್ಪು. ಅದು ನನ್ನದೇ ತಪ್ಪು, ಒಪ್ಕೋತೀನಿ."

"ಜನರ ವಿಷಯ ಹೇಳಿದ ನಾನು ಜೀಪಿನ ವಿಷಯ ಹೇಳಲೇ ಇಲ್ಲ. ಆಮೇಲೆ... ನಿಮ್ಮನ್ನ ಕೇಳಲೂ ಇಲ್ಲ." ಅವನು ಅವಳ ಕಣ್ಣು ನೋಡಿದ. "ಎಲ್ಲದಕ್ಕಿಂತ ದೊಡ್ಡ ತಪ್ಪು ಅದೇ."

ಇಷ್ಟು ಹೇಳಿದವನು ಇನ್ನೂ ಏನೋ ಹೇಳುತ್ತಾನೆಂದು ಅವಳು ಕಾದಳು. ಅವನು ಪೆಟ್ಟಿಗೆ ಮುಚ್ಚುವುದರಲ್ಲಿ ತೊಡಗಿದ.

ಮಾರನೆಯ ದಿನ ಹನ್ನೊಂದಕ್ಕೆ ಜನಾರ್ದನ ರಾವ್ ಬಂದಾಗ ಗಂಗಾಧರ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಜಗದಾಂಬಾ ಅಲ್ಲೇ ಇದ್ದಳು.

"ಅಂದ್ರೆ ಮೊನ್ನೆ ನನ್ನ ಮುಖಕ್ಕೆ ಸುಳ್ಳು ಹೇಳಿದ್ರಿ!" ಸಾಹೇಬರ ದನಿ ಏರಿತು. "ಒಂದು ಸುಳ್ಳು ಹೇಳಿದವನ ಉಳಿದ ಅಂಕಿನ ಯಾರು ನಂಬ್ತಾರೆ?"

"ನನ್ನನ್ನ ನಂಬಬೇಡಿ ಸಾರ್. ಯಾರನ್ನ ಬೇಕಾದ್ರೂ ಕಳಿಸಿ, ಜೀಪು ನಿಲ್ಲಿಸಿ ಅಳೆಯಲಿ. ಇದೇ ಅಂಕಿ ಬರುತ್ತೆ. ಕಂಡುಹಿಡಿದಿದ್ದು ಇವರು, ನಾನಲ್ಲ."

ಸಾಹೇಬರು ಜಗದಾಂಬಾಳನ್ನು ನೋಡಿದರು, ಹಾಳೆಗಳನ್ನು ನೋಡಿದರು. ಕೊನೆಗೆ, "ಬೆಂಗಳೂರಿಗೆ ಬನ್ನಿ. ಎಲ್ಲ ಹೊಸದಾಗಿ ಬರೀರಿ. ಮುಂದಿನ ಸರ್ವೆ ಮಾತ್ರ ನಿಮಗಿಲ್ಲ," ಎಂದರು.

ಅದು ಅವನು ವರ್ಷವಿಡೀ ಆಸೆಪಟ್ಟಿದ್ದ ಕೆಲಸ. ಅವನು ತಲೆಯಾಡಿಸಿ ಒಪ್ಪಿಕೊಂಡ, ಅಷ್ಟೇ. ಆ ಸಂಜೆಯೇ ಹೊರಟುಹೋದ.

ಫೆಬ್ರವರಿ ಹೋಯಿತು. ಮಾರ್ಚ್ ಬಂತು. ಒಂದು ಕಾಗದವಿಲ್ಲ.

ಹೋಗುವಾಗ ಅವನು "ಬರ್ತೀನಿ" ಎಂದಿದ್ದ. ಬರ್ತೀನಿ ಎಂದರೆ? ಹೊರಡುವವರೆಲ್ಲ ಹೇಳುವುದು ಅದನ್ನೇ ಅಲ್ಲವೇ? ಅಥವಾ ನಿಜವಾಗಿ ಬರುತ್ತೇನೆ ಅಂತಲೇ? ತನ್ನಿಂದ ದೊಡ್ಡ ಕೆಲಸ ಕಳೆದುಕೊಂಡವನು ಯಾಕೆ ಬರಬೇಕು? ಲ್ಯಾಬಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತ ಹೇಳುತ್ತ ಅವಳು ಮಧ್ಯೆ ನಿಂತುಬಿಡುತ್ತಿದ್ದಳು.

ಮಾರ್ಚ್ ಕೊನೆಗೆ ಪ್ರಿನ್ಸಿಪಾಲರು ಒಂದು ದಪ್ಪ ಲಕೋಟೆ ಕೊಟ್ಟರು. ಅಚ್ಚಾದ ವರದಿ! ಮೊದಲ ಪುಟದಲ್ಲಿ ಎರಡು ಹೆಸರು. ಗಂಗಾಧರ, ಅದರ ಕೆಳಗೆ ಜಗದಾಂಬಾ. ಸುತ್ತಮುತ್ತ ಏನಿದೆಯೆಂದು ನೋಡದೆ ರಾಡ್ ಬಳಸಬಾರದು, ಸರಿಯಾದ ಅಳತೆ ಬೇಕಿದ್ದರೆ ಲೂಪೇ ಸರಿ ಎಂದು ಕೊನೆಯಲ್ಲಿ ಬರೆದಿತ್ತು. ಮಾಚೇನಹಳ್ಳಿಯ ಮೂವತ್ತೊಂದು ಹೇಗೆ ಬಂತು, ಅದನ್ನು ಯಾರು ಪತ್ತೆಮಾಡಿದರು ಎಂಬುದೂ ಇತ್ತು.

"ನಿನ್ನ ಕೆಲಸ ಖಾಯಂ ಆಯ್ತು ಅಂತ ತಿಳ್ಕೋ," ಎಂದು ಸೀತಾಲಕ್ಷ್ಮಿಯವರು ನಕ್ಕರು.

ಅವಳು ಪುಟಪುಟವನ್ನೂ ಕೊಡವಿ ನೋಡಿದಳು. ಒಳಗೆ ಬೇರೆ ಚೀಟಿ ಏನೂ ಇರಲಿಲ್ಲ. ಸಂತೋಷಪಡಬೇಕಾದ ಹೊತ್ತಿನಲ್ಲಿ ಯಾಕೆ ಅಳು ಬಂತೋ!

ಆ ಸಂಜೆಯೇ ತಂದೆ ಹೇಳಿದರು. "ಅವ್ವಾ, ಭಾನುವಾರ ಚಿತ್ರದುರ್ಗದಿಂದ ನಿನ್ನ ನೋಡೋಕೆ ಬರ್ತಾರೆ. ಹುಡುಗ ವಕೀಲ. ಬರಲಿ ಅನ್ಲಾ?"

"ಬರಲಿ ಅಪ್ಪಾಜಿ."

ತಾನು ಹಾಗೇಕೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ. ಉಚ್ಚಂಗಮ್ಮ ಮಾತ್ರ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

ಶನಿವಾರ ಮಧ್ಯಾಹ್ನ. ಹುಡುಗಿಯರೆಲ್ಲ ಹೋಗಿದ್ದರು. ಜಗದಾಂಬಾ ಲ್ಯಾಬಿನ ಬೀರುಗಳಿಗೆ ಬೀಗ ಹಾಕುತ್ತಿದ್ದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು.

ತಿರುಗಿದಳು. ಬೀಗದ ಕೈ ಗೊಂಚಲು ಕೈಯಲ್ಲೇ ಉಳಿಯಿತು.

"ನೀವು..."

"ಬೆಂಗಳೂರಿಂದ ಬುಧವಾರವೇ ಬಂದೆ." ಗಂಗಾಧರ ಬಾಗಿಲಲ್ಲೇ ನಿಂತಿದ್ದ. ಸೊರಗಿದ್ದ. "ಭದ್ರಾವತಿಗೇ ವರ್ಗ ಹಾಕಿಸ್ಕೊಂಡೆ. ಮೂರು ದಿನದಿಂದ ದಿನಾ ಬಸ್ ಸ್ಟ್ಯಾಂಡಿಗೆ ಬರ್ತೀನಿ, ವಾಪಸ್ ಹೋಗ್ತೀನಿ."

"ಒಂದು ಕಾಗದ ಬರೀಬಹುದಿತ್ತಲ್ಲ!" ಎಷ್ಟು ತಡೆದರೂ ಅವಳ ದನಿ ಒಡೆಯಿತು. "ಎರಡು ತಿಂಗಳು! ನಾನು ಏನೇನು ಅಂದ್ಕೊಂಡೆ ಗೊತ್ತಾ?"

"ಬರೆದೆ. ಹದಿನೈದು ಸಲ ಬರೆದು ಹರಿದೆ. ನಿಮ್ಮ ಹೆಸರು ವರದಿಯಲ್ಲಿ ಅಚ್ಚಾಗೋ ಮುಂಚೆ ನಿಮ್ಮ ಹತ್ತಿರ ಏನು ಕೇಳೋಕೂ ನನಗೆ ಮುಖ ಇರಲಿಲ್ಲ."

ಅವಳು ಬೀರುವಿಗೆ ಒರಗಿದಳು.

"ನಮ್ಮಮ್ಮ ನಿನ್ನೆ ಒಂದು ಪ್ರಶ್ನೆ ಹಾಕಿದ್ರು," ಎಂದ ಅವನು. "ಮದುವೆ ಆದ್ಮೇಲೂ ಆ ಹುಡುಗಿ ಕೆಲಸಕ್ಕೆ ಹೋಗ್ತಾಳಾ ಅಂತ."

"ಯಾವ ಹುಡುಗಿ?"

"ನೀವು."

ಹೊರಗೆ ರಸ್ತೆಯಲ್ಲಿ ಜಟಕಾ ಗಾಡಿಯೊಂದು ಗಂಟೆ ಬಾರಿಸುತ್ತ ಹೋಯಿತು. ಅದು ದೂರವಾದ ಮೇಲೆ ಅವಳು ಕೇಳಿದಳು.

"ನೀವೇನಂದ್ರಿ?"

"ಆ ಉತ್ತರ ನಂದಲ್ಲ ಅಂದೆ. ಅವರ ಪರವಾಗಿ ಒಂದ್ಸಲ ಮಾತಾಡಿ ಕೆಟ್ಟಿದೀನಿ, ಇನ್ನು ಮಾತಾಡಲ್ಲ. ಅವರನ್ನೇ ಕೇಳಿ ಅಂದೆ."

ಜಗದಾಂಬಾಳ ಕಣ್ಣು ತುಂಬಿ ಬಂತು. ಜೊತೆಗೇ ನಗುವೂ ಬಂತು.

"ಅದಕ್ಕೆ ಮುಂಚೆ ಕೇಳ್ಬೇಕಾದ್ದು ಇನ್ನೊಂದಿದೆಯಲ್ಲ? ಅದನ್ನ ಯಾರು ಕೇಳ್ತಾರೆ?"

"ಕೇಳೋಕೇ ಬಂದೆ. ಹೇಗೆ ಕೇಳೋದು ಅಂತ..."

"ಹೇಗಾದ್ರೂ ಕೇಳಿ."

ಅವನು ಎರಡು ಹೆಜ್ಜೆ ಒಳಗೆ ಬಂದ. "ನನ್ನನ್ನ ಮದುವೆ ಆಗ್ತೀರಾ?"

"ಆಗ್ತೀನಿ." ತಡವರಿಸಲಿಲ್ಲ ಅವಳು. ಎರಡು ತಿಂಗಳಲ್ಲಿ ಮೊದಲ ಸಲ ಮನಸ್ಸಿನಲ್ಲಿ ಒಂದೇ ಮಾತಿತ್ತು. "ಆಗ್ತೀನಿ. ಕೆಲಸಕ್ಕೂ ಹೋಗ್ತೀನಿ. ನಿಮ್ಮಮ್ಮಂಗೆ ನಾನೇ ಬಂದು ಹೇಳ್ತೀನಿ."

ಅವನು ಮುಖ ಎರಡೂ ಕೈಯಲ್ಲಿ ಒರೆಸಿಕೊಂಡ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಆದ್ರೆ ನಾಳೆ ಮನೆಗೆ ಚಿತ್ರದುರ್ಗದವರು ಬರ್ತಾರೆ. ನನ್ನನ್ನ ನೋಡೋಕೆ."

"ಆಂ?" ಅವನ ಕೈ ಹಾಗೇ ನಿಂತಿತು. "ಮತ್ತೆ... ಈಗ?"

"ಈಗಲೇ ಮನೆಗೆ ಹೋಗಿ ಅಪ್ಪಾಜಿಗೆ ಹೇಳ್ತೀನಿ, ಬರೋದು ಬೇಡ ಅಂತ ಇವತ್ತೇ ತಂತಿ ಕೊಡಿ ಅಂತ. ನೀವೂ ಬನ್ನಿ."

"ನಾನು ಏನು ಹೇಳ್ಲಿ ಅವರಿಗೆ?"

"ಮೊದಲು ನಾನು ಹೇಳ್ತೀನಿ. ಆಮೇಲೆ ಅವರು ನಿಮ್ಮನ್ನ ಕೇಳ್ತಾರೆ, ಆಗ ನಿಮ್ಮ ಮಾತು ನೀವು ಹೇಳಿ."

"ಬೈದ್ರೆ?"

"ಇಬ್ಬರೂ ಬೈಸ್ಕೊಳ್ಳೋಣ."

ಅವಳು ಕೊನೆಯ ಬೀಗ ಹಾಕಿದಳು. ಮೆಟ್ಟಿಲು ಇಳಿಯುವಾಗ ಅವನು ಮೆಲ್ಲಗೆ ಕರೆದ.

"ಜಗದಾ..."

ಇದುವರೆಗೆ ಮನೆಯವರನ್ನು ಬಿಟ್ಟು ಯಾರೂ ಹಾಗೆ ಕರೆದಿರಲಿಲ್ಲ. ಅವಳು ನಿಂತಳು.

"ಏನು?"

"ಏನಿಲ್ಲ. ಕರೆದು ನೋಡಿದೆ."

"ಇನ್ನೊಂದ್ಸಲ ಕರೀರಿ," ಎಂದಳು ಅವಳು.